ಮುಖ ನೋಡಿ ಕೊಟ್ಟ ಕೋಡ್

ನನ್ನ ಹಳೆಯ ಫೋನ್ ಬಂಗುಡೆ ತೊಳೆದ ನೀರಿನ ಬಕೆಟಿಗೆ ಬಿದ್ದು ಸತ್ತುಹೋಯಿತು. ಅದಕ್ಕೆ ನಾನು ಅಳಲಿಲ್ಲ. ಐದು ವರ್ಷ ಮೀನಿನ ಕೈಯಲ್ಲೇ ಹಿಡಿದ ಫೋನ್, ತಕ್ಕ ಸಾವೇ ಬಂತು ಎಂದುಕೊಂಡು ಹೊಸದನ್ನು ತಂದೆ. ಹೊಸ ಫೋನಿನಲ್ಲಿ ನನ್ನ ಪೇಜ್ ತೆರೆಯಲು ಹೋದರೆ ಅದು ನನ್ನನ್ನು ಗುರುತಿಸಲಿಲ್ಲ. ಪಾಸ್‌ವರ್ಡ್ ಕೇಳಿತು, ಕೊಟ್ಟೆ, ತಪ್ಪು ಎಂದಿತು. ಮಗಳ ಹುಟ್ಟಿದ ದಿನ ಹಾಕಿದೆ, ಗಂಡನದ್ದು ಹಾಕಿದೆ, ಸಿಟ್ಟಿನಲ್ಲಿ ನನ್ನದೂ ಹಾಕಿದೆ. ಕೊನೆಗೆ, ನೋಂದಾಯಿಸಿದ ಮೊಬೈಲಿಗೆ ಕೋಡ್ ಕಳಿಸಿದ್ದೇವೆ ಎಂದಿತು. ಕಾದೆ. ಯಾವ ಕೋಡೂ ಬರಲಿಲ್ಲ. ಮರುದಿನ ಮತ್ತೊಂದು ಕಳಿಸಿತಂತೆ, ಅದೂ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟದ ಬಟ್ಟಲು ತೊಳೆದು ಬಂದು ನೋಡುತ್ತೇನೆ, ಪರದೆಯ ಮೇಲೆ ಕೆಂಪು ಅಕ್ಷರ. ಇನ್ನು ಒಂದೇ ಅವಕಾಶ. ಇವತ್ತು ಸಂಜೆ ಆರು ಗಂಟೆಯೊಳಗೆ ಈ ಖಾತೆ ನಿಮ್ಮದೆಂದು ದೃಢಪಡಿಸದಿದ್ದರೆ ಅದನ್ನು ಶಾಶ್ವತವಾಗಿ ತೆಗೆದುಹಾಕಲಾಗುವುದು.

ಆಗ ಗಂಟೆ ಮೂರೂಕಾಲು.

ಆ ಪೇಜ್ ಏನೆಂದು ಹೇಳದಿದ್ದರೆ ನನ್ನ ಗಾಬರಿ ಯಾರಿಗೂ ಅರ್ಥವಾಗಲಿಕ್ಕಿಲ್ಲ. ಬಜಪೆಯ ಆಚೆ ನಮ್ಮ ಗದ್ದೆ ಬೇಸಾಯವಿಲ್ಲದೆ ಪಡೀಲು ಬಿದ್ದ ಮೇಲೆ ಗಂಡನ ತಾಯಿ ನಮ್ಮ ಫಳ್ನೀರಿನ ಫ್ಲ್ಯಾಟಿಗೆ ಬಂದರು. ನಮ್ಮಲ್ಲಿ ಅತ್ತೆಯನ್ನು ಮಾಮಿ ಎನ್ನುವುದು. ಗಂಡ ಮಸ್ಕತ್ತಿನಲ್ಲಿ ಹೋಟೆಲೊಂದರ ಸ್ಟೋರ್ ನೋಡಿಕೊಂಡಿದ್ದಾರೆ, ಮಗಳು ಹಾಸ್ಟೆಲಿನಲ್ಲಿ. ಹಾಗಾಗಿ ಮನೆಯಲ್ಲಿ ನಾವಿಬ್ಬರೇ. ಒಂದು ವರ್ಷ ನಾವು ಆಡಿದ ಮಾತುಗಳನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದಿತ್ತು. ಊಟಕ್ಕೆ ಬನ್ನಿ, ಉಪ್ಪು ಕಮ್ಮಿ, ಫ್ಯಾನ್ ಹಾಕು, ಇಷ್ಟೇ.

ಒಂದು ದಿನ ನಾನು ಮಾರ್ಕೆಟಿನಿಂದ ಹಳಸಿದ ಬಂಗುಡೆ ತಂದೆ. ಮಾಮಿ ಒಂದನ್ನು ಬಾಲ ಹಿಡಿದು ಎತ್ತಿ, ಕಿವಿರು ಬಿಡಿಸಿ, ಅದರ ಕಣ್ಣನ್ನು ನನಗೆ ತೋರಿಸಿ, ಮೀನಿಗೆ, ಮಾರಿದವಳಿಗೆ, ಕೊಂಡ ನನಗೆ, ನನ್ನನ್ನು ಬೆಳೆಸಿದ ಮನೆಗೆ, ಎಲ್ಲರಿಗೂ ಸೇರಿಸಿ ಒಂದೇ ಉಸಿರಿನಲ್ಲಿ ಬೈದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಆ ಬೈಗುಳ ಅಷ್ಟು ಚೆನ್ನಾಗಿತ್ತು. ಒಂದೊಂದು ಮಾತಿನಲ್ಲೂ ಮೀನು ಆರಿಸುವ ಒಂದೊಂದು ಗುಟ್ಟಿತ್ತು. ಫೋನನ್ನು ಮೆಲ್ಲಗೆ ಸಕ್ಕರೆ ಡಬ್ಬಿಗೆ ಒರಗಿಸಿ ರೆಕಾರ್ಡ್ ಮಾಡಿದೆ. ಗಂಡನಿಗೆ ಕಳಿಸಿದೆ. ಅವರು ನಕ್ಕು ನಕ್ಕು ಇಡೀ ಹೋಟೆಲಿಗೆ ತೋರಿಸಿದರಂತೆ. ಮರುವಾರ ನಾನೇ ಕೂತು, ಯಾರನ್ನೂ ಕೇಳದೆ, ತಪ್ಪು ಮಾಡಿ, ಮತ್ತೆ ಮಾಡಿ, ಒಂದು ಪೇಜ್ ಶುರು ಮಾಡಿದೆ.

ಅದು ನನ್ನ ಬದುಕಿನಲ್ಲಿ ನಾನೇ ಶುರು ಮಾಡಿದ ಮೊದಲ ಕೆಲಸ. ಅಲ್ಲಿಯವರೆಗೆ ನಾನು ಇಂಥವರ ಮಗಳು, ಇಂಥವರ ಹೆಂಡತಿ, ಇಂಥವಳ ಅಮ್ಮ. ಬೆಳಿಗ್ಗೆ ಐದಕ್ಕೆ ಬಂದರಿನ ದಕ್ಕೆಗೆ ಹೋಗಿ ಬೋಟಿನಿಂದ ಇಳಿಯುವ ಮೀನು ನೋಡುವುದು, ತರುವುದು, ಕೊಯ್ಯುವುದು, ಬೆಳಕು ಸರಿಮಾಡುವುದು, ಮಾಮಿಯನ್ನು ಕೆಣಕಿ ಬೈಯಿಸುವುದು, ಕತ್ತರಿಸಿ ಜೋಡಿಸಿ ಹಾಕುವುದು, ಎಲ್ಲವೂ ನಾನು. ಆದರೆ ವಿಡಿಯೋದಲ್ಲಿ ಕಾಣುವುದು ಮಾಮಿ. ನನ್ನದು ಮಣಿಕಟ್ಟಿನವರೆಗೆ ಎರಡು ಕೈ, ಮತ್ತು ನಡುವೆ ಒಂದೊಂದು "ಹೂಂ ಮಾಮಿ". ಪೇಜಿಗೆ ನಾನು ಇಟ್ಟ ಹೆಸರು ಯಾರ ಬಾಯಿಗೂ ಹತ್ತಲಿಲ್ಲ, ಎಲ್ಲರಿಗೂ ಅದು ಬೈಯುವ ಅಜ್ಜಿಯ ಪೇಜ್. ಮದುವೆಮನೆಗಳಲ್ಲಿ ಮಾಮಿ ನೆಂಟರನ್ನು ಹಿಡಿದು ನಿಲ್ಲಿಸಿ, "ನನ್ನ ಚಾನೆಲ್ ನೋಡ್ತೀರಾ ಇಲ್ವಾ?" ಎಂದು ಕೇಳುವಾಗ ನಾನು ಅವರ ಬ್ಯಾಗ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದೆ. ಒಮ್ಮೆ ಯಾರೋ ಬರೆದಿದ್ದರು, ಅಜ್ಜಿಯ ಕೆಲಸದವಳು ಮೀನು ಬಹಳ ಚೆಂದ ಕೊಯ್ಯುತ್ತಾಳೆ ಎಂದು. ನಾನು ನಕ್ಕು, ಅದಕ್ಕೊಂದು ಹೃದಯದ ಚಿತ್ರವನ್ನೂ ಒತ್ತಿದೆ. ಆಮೇಲೆ ಎರಡು ದಿನ ಆ ಸಾಲನ್ನೇ ಮತ್ತೆ ಮತ್ತೆ ತೆರೆದು ಓದಿದೆ.

ಈಗ ಆ ಪೇಜ್ ಹೋಗುತ್ತದೆ. ಹೋದರೆ, ಅದು ನನ್ನದಾಗಿತ್ತು ಎನ್ನುವುದಕ್ಕೂ ಏನೂ ಉಳಿಯುವುದಿಲ್ಲ.

ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಕೋಡ್ ಹೋದ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತಿತ್ತು. ಅದು ನನ್ನ ಈಗಿನ ನಂಬರಲ್ಲ. ಆಗ ತಲೆಗೆ ಹೊಳೆಯಿತು. ನಮ್ಮ ಅಡುಗೆಮನೆಯಲ್ಲಿ ಹಳೆಯ ಸಿಮ್ಮಿಗೆ ಸಿಗ್ನಲ್ ಸಿಗುತ್ತಿರಲಿಲ್ಲ ಎಂದು ಎರಡು ವರ್ಷದ ಹಿಂದೆ ನಾನು ಬೇರೆ ಕಂಪನಿಯ ಸಿಮ್ ತೆಗೆದುಕೊಂಡಿದ್ದೆ. ಹಳೆಯದಕ್ಕೆ ರೀಚಾರ್ಜ್ ಮಾಡಲಿಲ್ಲ. ಪೇಜಿನಲ್ಲಿ ನಂಬರ್ ಬದಲಿಸಬೇಕೆಂದು ನನಗೆ ತೋಚಲೂ ಇಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ ಇರಬೇಕು. ಹಾಗೆ ಬಿಟ್ಟ ನಂಬರುಗಳನ್ನು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತಾರಂತೆ. ಅಂದರೆ ನನ್ನ ಎರಡು ಕೋಡುಗಳು ಈ ಜಗತ್ತಿನಲ್ಲಿ ಯಾರದೋ ಫೋನಿಗೆ ಹೋಗಿ ಕೂತಿವೆ.

ಆ ನಂಬರ್ ನನಗೆ ನೆನಪಿರಲಿಲ್ಲ. ಮಾಮಿಗೆ ನೆನಪಿತ್ತು. ಅವರು ಊರಿನಲ್ಲಿದ್ದಾಗ ನಮಗೆ ಫೋನ್ ಮಾಡಲು ಕಲಿತದ್ದು ಅದೊಂದೇ ನಂಬರ್. ಕುರ್ಚಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, ಕಣ್ಣು ಮುಚ್ಚಿ, ತುಳುವಿನಲ್ಲಿ ಹತ್ತು ಅಂಕಿಗಳನ್ನೂ ಒಂದೂ ತಪ್ಪದೆ ಹೇಳಿದರು. ನನಗೆ ಅವರ ಕೆನ್ನೆ ಹಿಂಡಬೇಕೆನಿಸಿತು. ಒತ್ತಿದೆ. ರಿಂಗ್ ಆಯಿತು. ಒಬ್ಬ ಹೆಂಗಸು ಎತ್ತಿದಳು.

"ಹಲೋ, ಯಾರು?"

"ನಾನು ಈ ನಂಬರಿನವಳು," ಎಂದೆ. ಇದಕ್ಕಿಂತ ಕೆಟ್ಟ ಆರಂಭ ಇರಲಿಕ್ಕಿಲ್ಲ.

"ಈ ನಂಬರಿನವಳು ನಾನು," ಎಂದಳು ಆಕೆ. "ನೀವು ಯಾರು?"

ಸಮಾಧಾನ ತಂದುಕೊಂಡು ಎಲ್ಲ ಹೇಳಿದೆ. ಮೊದಲು ನನ್ನದಾಗಿದ್ದ ನಂಬರು, ಬಕೆಟಿಗೆ ಬಿದ್ದ ಫೋನು, ಪೇಜು. ಆಕೆ ಉಳ್ಳಾಲದವಳು. ನಂಬರ್ ಸಿಕ್ಕಿ ಒಂದೂವರೆ ವರ್ಷ ಆಯಿತಂತೆ. ಮೊದಲು ಕೆಲವು ತಿಂಗಳು ಮೀನಿನವರು ಫೋನ್ ಮಾಡಿ, ಅಕ್ಕ ಅಂಜಲ್ ಬಂದಿದೆ, ಅಕ್ಕ ಒಳ್ಳೆ ಕಾಣೆ ಉಂಟು, ಎನ್ನುತ್ತಿದ್ದರಂತೆ.

"ಮತ್ತೆ ನೀವು ಎಂತ ಹೇಳಿದ್ರಿ?"

"ಎಂತ ಹೇಳುವುದು, ಒಳ್ಳೆ ಮೀನು ಇದ್ದಾಗ ತಗೊಂಡೆ," ಎಂದಳು.

ನನಗೆ ಆಕೆ ಇಷ್ಟವಾದಳು. ಧೈರ್ಯ ಮಾಡಿ ಕೇಳಿದೆ. "ನಿಮ್ಮ ಫೋನಿಗೆ ಎರಡು ದಿನದಿಂದ ಕೋಡ್ ಬಂದಿರಬೇಕಲ್ಲ?"

"ಬಂದಿದೆ. ಡಿಲೀಟ್ ಮಾಡಿದ್ದೇನೆ."

"ಈಗ ಇನ್ನೊಂದು ಬರ್ತದೆ. ಅದನ್ನು ಸ್ವಲ್ಪ ಓದಿ ಹೇಳ್ತೀರಾ?"

ಬಾಯಿಂದ ಮಾತು ಬಿದ್ದ ಕ್ಷಣವೇ ನನಗೆ ಗೊತ್ತಾಯಿತು. ಈ ದೇಶದ ಪ್ರತಿಯೊಬ್ಬ ಕಳ್ಳನೂ ಇದೇ ವಾಕ್ಯವನ್ನು ಇಷ್ಟೇ ನಯವಾಗಿ ಹೇಳುತ್ತಾನೆ.

"ಅಕ್ಕ, ಬೇಜಾರು ಮಾಡ್ಬೇಡಿ," ಎಂದಳು ಆಕೆ. ದನಿ ಗಟ್ಟಿಯಾಗಿತ್ತು. "ಕೋಡ್ ಕೊಡುವುದಿಲ್ಲ. ಮೀನಿನ ವಿಡಿಯೋದಲ್ಲಿ ಬೈಯುವ ಒಂದು ಅಜ್ಜಿ ಉಂಟಲ್ಲ, ಅವರು ಹೇಳಿದ್ದಾರೆ. ದೇವರು ಫೋನ್ ಮಾಡಿ ಕೇಳಿದ್ರೂ ಕೋಡ್ ಹೇಳ್ಬಾರ್ದಂತೆ."

ಫೋನ್ ಸ್ಪೀಕರಿನಲ್ಲಿತ್ತು. ಆ ಅಜ್ಜಿ ನನ್ನ ಪಕ್ಕದಲ್ಲೇ ಕೂತು ಎಲೆ ಮಡಚುತ್ತಿದ್ದರು.

ಆ ವಿಡಿಯೋ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಕಟ್ಟಡದ ಮೂರನೇ ಮಹಡಿಯ ನಿವೃತ್ತ ಟೀಚರ್ ಫೋನಿನಲ್ಲಿ ಯಾರಿಗೋ ಕೋಡ್ ಹೇಳಿ ಮೋಸಹೋದ ವಾರ ಅದು. ಕೊಡ್ಡಾಯಿ ಮೀನಿನ ಸಾರು ಮಾಡುವ ನಡುವೆ ಮಾಮಿಗೆ ಆ ಸಂಗತಿ ನೆನಪಾಗಿ, ಸೌಟು ಹಿಡಿದು ಕ್ಯಾಮೆರಾಕ್ಕೆ ತಿರುಗಿ ಊರಿಗೇ ಬೈದರು. ಮೀನಿಗಿಂತ ಆ ಬೈಗುಳವೇ ಹೆಚ್ಚು ಓಡಿತು. ಕುವೈತಿನಿಂದ, ದುಬೈಯಿಂದ, ಎಲ್ಲಿಂದಲೋ ಜನ ಅದನ್ನು ತಮ್ಮ ಮನೆಯ ಹಿರಿಯರಿಗೆ ಕಳಿಸಿದರು. ಅದನ್ನು ಹಾಕಿದವಳು ನಾನು. ದೊಡ್ಡ ಅಕ್ಷರದಲ್ಲಿ "ದೇವರಿಗೂ ಇಲ್ಲ" ಎಂದು ಕೆಳಗೆ ಬರೆದವಳೂ ನಾನು.

"ಆ ಅಜ್ಜಿ ನನ್ನ ಮಾಮಿ," ಎಂದೆ. "ಆ ಪೇಜೇ ಈಗ ಹೋಗ್ತಾ ಇರುವುದು."

"ಎಲ್ಲರೂ ಹಾಗೆ ಹೇಳ್ತಾರೆ."

"ಎಲ್ಲರೂ ಹೇಗೆ ಹೇಳ್ತಾರೆ ಮಾರಾಯ್ತಿ, ನನಗೆ ಒಂದೇ ಮಾಮಿ ಇರುವುದು."

ಆಕೆಗೆ ನಗು ಬಂದಿರಬೇಕು. ಸ್ವಲ್ಪ ಯೋಚಿಸಿ, "ಹಾಗಾದ್ರೆ ಹೇಳಿ, ನಂಗ್ ಮೀನಿನ ಚರ್ಮ ಎಳೆಯುವಾಗ ಅಜ್ಜಿ ಕೈಗೆ ಎಂತ ಹಚ್ಚಿದ್ದು?" ಎಂದು ಕೇಳಿದಳು.

"ಬೂದಿ." ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. "ತೆಂಗಿನ ಗೆರಟೆ ಸುಟ್ಟ ಬೂದಿ."

"ಸರಿ ಉಂಟು," ಎಂದಳು. ಮತ್ತೆ, "ಆದ್ರೆ ಅದು ವಿಡಿಯೋ ನೋಡಿದವರಿಗೆಲ್ಲ ಗೊತ್ತುಂಟಲ್ಲ."

"ಹಾಗಾದ್ರೆ ವಿಡಿಯೋದಲ್ಲಿ ಇಲ್ಲದ್ದು ಕೇಳಿ."

"ಇಲ್ಲದ್ದು ನನಗೆ ಹೇಗೆ ಗೊತ್ತು?"

ಆಕೆಯ ಮಾತು ನೂರಕ್ಕೆ ನೂರು ಸರಿ. ಅಷ್ಟು ಸರಿಯಾದ ಮಾತು ಕೇಳಿದಾಗ ನನಗೆ ಬರುವ ಸಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ಫೋನನ್ನು ಮಾಮಿಯ ಕೈಗೆ ತುರುಕಿದೆ. "ಮಾಮಿ, ನೀವೇ ಮಾತಾಡಿ. ನಿಮ್ಮ ಸ್ವರ ಅವಳಿಗೆ ಗೊತ್ತಾಗ್ತದೆ. ಕೋಡ್ ಕೊಡಲು ಹೇಳಿ."

ಮಾಮಿ ಎಲೆಯನ್ನು ದವಡೆಗೆ ಸರಿಸಿದರು. "ಮಗಾ," ಎಂದರು ತುಳುವಿನಲ್ಲಿ, "ಊಟ ಆಯ್ತಾ?"

ಆ ಕಡೆಯ ಹೆಂಗಸು ದನಿ ಕೇಳಿದ್ದೇ ತಾನೂ ತುಳುವಿಗೆ ಇಳಿದಳು. ಮನೆಯಲ್ಲಿ ಅವರದು ಬ್ಯಾರಿ ಭಾಷೆ, ಆದರೂ ತುಳು ನೀರಿನ ಹಾಗೆ ಹರಿಯುತ್ತಿತ್ತು. ಆಯ್ತು ಅಜ್ಜಿ, ಇವತ್ತು ಬೂತಾಯಿ ಮೀನಿನ ಸಾರು, ನೀವು ಹೇಳಿದ ಹಾಗೆ ಹುಳಿಗೆ ಬಿಂಬುಳಿ ಹಾಕಿದ್ದು, ಎಂದಳು. ಹುಳಿ ಹಿಡಿಯಿತಾ, ಹಿಡಿಯಿತು, ಕೊತ್ತಂಬರಿ ಎಷ್ಟು ಹಾಕಿದೆ, ಹೀಗೆ ಐದು ನಿಮಿಷ. ನಾನು ಗೋಡೆಯ ಗಡಿಯಾರ ನೋಡುತ್ತಾ ಕುಣಿಯುತ್ತಿದ್ದೆ. ಕೊನೆಗೆ ಆಕೆ ಕೇಳಿದಳು, "ಅಜ್ಜಿ, ಈ ಅಕ್ಕ ಕೋಡ್ ಕೇಳ್ತಾ ಇದ್ದಾರೆ. ಕೊಡ್ಲಾ?"

"ಕೊಡಬೇಡ ಮಗಾ," ಎಂದರು ಮಾಮಿ.

ನಾನು ಫೋನ್ ಕಸಿಯಲು ಕೈ ಚಾಚಿದೆ.

"ಹೇಳಿದ ಮಾತು ಅಂದ್ರೆ ಹೇಳಿದ ಮಾತು," ಎಂದು ಮಾಮಿ ನನಗೆ ಕೈ ಅಡ್ಡ ಹಿಡಿದು ಮುಂದುವರಿಸಿದರು. "ಊರಿಗೆಲ್ಲ ಕೊಡಬೇಡಿ ಅಂತ ಹೇಳಿ, ನನ್ನ ಮನೆಯ ಕೆಲಸಕ್ಕೆ ಕೊಡು ಅಂತ ಹೇಳ್ಲಿಕ್ಕೆ ಆಗ್ತದಾ? ನಾಳೆ ನನ್ನ ಹಾಗೆ ಸ್ವರ ಮಾಡಿ ಇನ್ನೊಬ್ಬಳು ಕೇಳ್ತಾಳೆ. ನೀನು ಕೊಡ್ತೀಯ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬರುವ ಲಕ್ಷಣವೇ ಇರಲಿಲ್ಲ. ನಾನು ತಲೆಗೆ ಕೈ ಹೊತ್ತು ನೆಲದಲ್ಲೇ ಕೂತೆ. ಮಾಮಿ ನನ್ನನ್ನು ಒಮ್ಮೆ ನೋಡಿದರು. ಎಲೆ ಜಗಿಯುವುದು ನಿಂತಿತು. ಆಮೇಲೆ ಹಾವೂ ಸಾಯದ, ಕೋಲೂ ಮುರಿಯದ ಒಂದು ತೀರ್ಪು ಕೊಟ್ಟರು.

"ನಾನು ಫೋನಿನಲ್ಲಿ ಹೇಳ್ಬಾರ್ದು ಅಂದದ್ದು. ಮುಖ ನೋಡಿ ಕೊಡಬಾರದು ಅಂತ ಹೇಳಿಲ್ಲ. ಮಗಾ, ನಿನ್ನ ಮನೆ ಎಲ್ಲಿ? ನಾವೇ ಬರ್ತೇವೆ."

ಆಕೆ ನಮ್ಮಿಬ್ಬರಿಗಿಂತ ಜಾಣೆ. "ಮನೆ ಬೇಡ ಅಜ್ಜಿ. ದರ್ಗಾದ ರಸ್ತೆಯಲ್ಲಿ ಹಸಿರು ಬೋರ್ಡಿನ ಬೇಕರಿ ಉಂಟು, ಅಲ್ಲಿಗೆ ಬನ್ನಿ. ನೀವು ಬರಬೇಕು. ಆ ಅಕ್ಕ ಒಬ್ರೇ ಬಂದ್ರೆ ನಾನು ದೂರದಿಂದಲೇ ನೋಡಿ ಹೋಗ್ತೇನೆ," ಎಂದಳು.

ಮಾಮಿಗೆ ಎಪ್ಪತ್ತೆಂಟು. ಮೊಣಕಾಲು ನೋವೆಂದು ಕೆಳಗಿನ ಅಂಗಡಿಗೂ ಇಳಿಯದವರು ಆವತ್ತು ಹತ್ತು ನಿಮಿಷದಲ್ಲಿ ಸೀರೆ ಬದಲಿಸಿ, ತಲೆ ಬಾಚಿ, ವಿಡಿಯೋದಲ್ಲಿ ಹಾಕುವ ಅದೇ ಹವಳದ ಸರ ಹಾಕಿಕೊಂಡು ಲಿಫ್ಟಿನ ಮುಂದೆ ನಿಂತಿದ್ದರು. "ಗುರುತು ಸಿಗಬೇಕಲ್ಲ," ಎಂದರು. ಅವರ ಕಣ್ಣಿನಲ್ಲಿ ಹದಿನಾರರ ಹುಡುಗಿಯ ಹೊಳಪಿತ್ತು. ನನಗೆ ಗಾಬರಿಯ ನಡುವೆಯೂ ಏನೋ ಹುರುಪು ಹತ್ತಿತು. ನಾವಿಬ್ಬರೇ ಸೇರಿ ಆಸ್ಪತ್ರೆ, ಮದುವೆ ಬಿಟ್ಟು ಬೇರೆ ಯಾವ ಕೆಲಸಕ್ಕೂ ಹೊರಗೆ ಹೋದವರೇ ಅಲ್ಲ.

ಆಟೋ ಹತ್ತುವಾಗ ನಾಲ್ಕೂವರೆ. ಚಾಲಕನಿಗೆ, "ಉಳ್ಳಾಲ. ಬೇಗ ಹೋಗಬೇಕು," ಎಂದೆ. ಅವನು ಮಾಮಿಯನ್ನು ಕನ್ನಡಿಯಲ್ಲಿ ನೋಡಿ, "ಯಾರಾದ್ರೂ ಸೀರಿಯಸ್ಸಾ ಅಕ್ಕ?" ಎಂದು ಕೇಳಿದ. "ಹೌದು," ಎಂದರು ಮಾಮಿ, "ನಮ್ಮ ಪೇಜ್." ಅವನಿಗೆ ಏನು ಅರ್ಥವಾಯಿತೋ, ಪಂಪ್‌ವೆಲ್ ವೃತ್ತದವರೆಗೆ ಬಿಟ್ಟ ಬಾಣದಂತೆ ಹೋದ. ನೇತ್ರಾವತಿ ಸೇತುವೆಯ ಮೇಲೆ ಗಾಳಿ ಮಾಮಿಯ ಸೆರಗನ್ನು ನನ್ನ ಮುಖಕ್ಕೆ ಹೊಡೆಯುತ್ತಿತ್ತು. ಕೆಳಗೆ ದೋಣಿಯೊಂದು ಕಂಡದ್ದೇ ಮಾಮಿ, ಅವರು ಮರುವಾಯಿ ಚಿಪ್ಪು ತೆಗೀತಿದ್ದಾರೆ ನೋಡು, ಇದನ್ನೊಂದು ವಿಡಿಯೋ ಮಾಡಬೇಕು, ಎಂದರು. ಮಾಡಲು ಪೇಜ್ ಇದ್ದರಲ್ಲವೇ ಎಂದು ನಾನು ಗದರಿದೆ. ತೊಕ್ಕೊಟ್ಟಿನಲ್ಲಿ ಬಸ್ಸು, ಲಾರಿ, ಸಂತೆಗೆ ಬಂದವರು ಎಲ್ಲ ಒಂದರೊಳಗೊಂದು ಸಿಕ್ಕಿ ನಿಂತಿದ್ದರು. ಇಪ್ಪತ್ತು ನಿಮಿಷ ಚಕ್ರ ಉರುಳಲಿಲ್ಲ. ನಾನು ಫೋನಿನ ಗಡಿಯಾರ ನೋಡುವುದು, ಮಾಮಿ ಹೊರಗೆ ತಲೆ ಹಾಕಿ ಮುಂದಿನ ಟೆಂಪೋದವನಿಗೆ ಬೈಯುವುದು. ಅವನು ಸಿಟ್ಟಿನಿಂದ ತಿರುಗಿ ನೋಡಿದವನು, ಮುಖ ನೋಡಿ ನಕ್ಕು, ದಾರಿ ಬಿಟ್ಟ. ಪ್ರೇಕ್ಷಕನೇ ಇರಬೇಕು.

ಹಸಿರು ಬೋರ್ಡಿನ ಬೇಕರಿ ಮುಟ್ಟುವಾಗ ಐದೂ ಇಪ್ಪತ್ತೈದು. ಒಳಗೆ ಯಾರೂ ಇರಲಿಲ್ಲ. ಗಾಜಿನ ಕಪಾಟಿನ ಹಿಂದೆ ಬೇಕರಿಯವರು ಮಾತ್ರ. ಎರಡು ನಿಮಿಷ ಬಿಟ್ಟು ಎದುರು ಬದಿಯ ಮೆಡಿಕಲ್ ಅಂಗಡಿಯಿಂದ ಒಬ್ಬಳು ರಸ್ತೆ ದಾಟಿ ಬಂದಳು. ಮೂವತ್ತರ ಆಸುಪಾಸು, ತಲೆಗೆ ಕಂದು ಶಾಲು, ಕೈಯಲ್ಲಿ ಬಿಗಿಯಾಗಿ ಹಿಡಿದ ಫೋನು. ಅಲ್ಲಿಂದ ನಮ್ಮನ್ನು ನೋಡುತ್ತಿದ್ದಳು. ನೇರ ಮಾಮಿಯ ಹತ್ತಿರ ಬಂದು ಅವರ ಎರಡೂ ಕೈ ಹಿಡಿದುಕೊಂಡಳು.

"ಅಜ್ಜಿ, ನೀವು ವಿಡಿಯೋದಲ್ಲಿ ಇಷ್ಟು ಸಣ್ಣ ಇಲ್ಲ," ಎಂದಳು.

"ವಿಡಿಯೋದಲ್ಲಿ ನಾನು ಸಿಟ್ಟಿನಲ್ಲಿ ಇರ್ತೇನಲ್ಲ," ಎಂದರು ಮಾಮಿ.

ಲಿಂಬೆ ಶರಬತ್ತು ಬಂತು. ಫೋಟೋ ಆಯಿತು. ನಾನು ಫೋನ್ ತೆರೆದು, ಕೋಡ್ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು, "ಕಳಿಸ್ಲಾ?" ಎಂದೆ. ಆಗ ಆಕೆ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು.

"ಒಂದು ನಿಮಿಷ ಅಕ್ಕ. ಅಜ್ಜಿಯ ಗುರುತು ಸಿಕ್ತು. ನಿಮ್ಮದು ಸಿಗಲಿಲ್ಲ. ನಿಮ್ಮನ್ನು ನಾನು ಒಂದು ವಿಡಿಯೋದಲ್ಲೂ ನೋಡಿಲ್ಲ."

"ನಾನು ಕ್ಯಾಮೆರಾದ ಹಿಂದೆ ಇರುವುದು. ನನ್ನ ಕೈ ಮಾತ್ರ ಬರ್ತದೆ."

"ಹಾಗಾದ್ರೆ ಕೈ ತೋರಿಸಿ."

ಎರಡೂ ಕೈಗಳನ್ನು ಗಾಜಿನ ಕಪಾಟಿನ ಮೇಲೆ ಅಗಲಿಸಿ ಇಟ್ಟೆ. ಎಡಗೈ ಹೆಬ್ಬೆರಳಿನಲ್ಲಿ ಮೀನು ಕೊಯ್ಯುವ ಮೆಟ್ಟುಕತ್ತಿ ತಾಗಿದ ಉದ್ದ ಗೆರೆ ಇದೆ, ಪಕ್ಕದ ಬೆರಳಿನ ಉಗುರು ಅರ್ಧ. ಆಕೆ ಬಗ್ಗಿ ನೋಡಿದಳು. ಬೇಕರಿಯವರೂ ನೋಡಿದರು. ಆಕೆಯ ಮುಖ ಅರಳಿತು.

"ಹೌದು, ಅದೇ ಕೈ. ನನಗೆ ಗೊತ್ತುಂಟು ಈ ಉಗುರು." ನನ್ನ ಪ್ರಾಣ ಮರಳಿ ಬಂತು. ಆದರೆ ಆಕೆ ಮುಗಿಸಿರಲಿಲ್ಲ. "ನೀವು ಅಜ್ಜಿಯ ಮನೆ ಕೆಲಸಕ್ಕೆ ಇರುವವರಲ್ವಾ? ಮಾಮಿ ಅಂತ ಯಾರು ಬೇಕಾದ್ರೂ ಕರೀತಾರೆ. ಪೇಜ್ ಅಜ್ಜಿಯದ್ದು ಅಕ್ಕ. ಕೋಡ್ ನಾನು ಅಜ್ಜಿಗೆ ಹೇಳ್ತೇನೆ, ಅವರ ಕಿವಿಯಲ್ಲಿ. ನಿಮಗಲ್ಲ."

ಕೈಗಳು ಹಾಗೇ ಗಾಜಿನ ಮೇಲಿದ್ದವು. ತೆಗೆಯಬೇಕೆಂದೂ ನನಗೆ ತೋಚಲಿಲ್ಲ. ಆಕೆ ಕೆಟ್ಟದ್ದು ಹೇಳಲಿಲ್ಲ, ಕಂಡದ್ದನ್ನು ಹೇಳಿದಳು. ಐದು ವರ್ಷ ನಾನು ತೋರಿಸಿದ್ದೇ ಅಷ್ಟು. ಗಂಟೆ ಐದೂ ಮೂವತ್ತೆಂಟು. ಮಾಮಿ ಹೂಂ ಎಂದರೆ ಸಾಕು, ಕೋಡ್ ಅವರ ಕಿವಿಗೆ ಬೀಳುತ್ತದೆ, ಅವರು ನನಗೆ ಹೇಳುತ್ತಾರೆ, ಪೇಜ್ ಉಳಿಯುತ್ತದೆ. ಹೂಂ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಯಾರದೆಂದಾದರೂ ಆಗಲಿ, ಉಳಿಯಲಿ.

ಮಾಮಿ ಶರಬತ್ತಿನ ಲೋಟವನ್ನು ಕೆಳಗಿಟ್ಟರು.

"ಇವಳು ಕೆಲಸದವಳಲ್ಲ, ನನ್ನ ಮಗನ ಹೆಂಡತಿ," ಎಂದರು. ಅವರಿಗೆ ಮಾತು ಹುಡುಕಬೇಕಾಗಿ ಬಂದದ್ದನ್ನು ನಾನು ಮೊದಲ ಸಲ ನೋಡಿದೆ. "ಮತ್ತೆ, ಪೇಜ್ ನನ್ನದಲ್ಲ ಮಗಾ. ನಾನು ಕಂಡವರ ಹತ್ರ ಎಲ್ಲ ನನ್ನದು ಅಂತ ಹೇಳಿಕೊಂಡು ಬಂದಿದ್ದೇನೆ. ಹೇಳ್ಲಿಕ್ಕೆ ಖುಷಿ ಆಗ್ತಿತ್ತು. ಆದ್ರೆ ನನಗೆ ಆ ಫೋನಿನ ಬೀಗ ತೆಗೀಲಿಕ್ಕೂ ಬರುವುದಿಲ್ಲ. ಚಳಿ ಮಳೆ ನೋಡದೆ ದಕ್ಕೆಗೆ ಹೋಗುವುದು ಇವಳು. ಮೀನು ಕೊಯ್ಯುವುದು, ವಿಡಿಯೋ ಮಾಡುವುದು, ಬರೆಯುವುದು ಎಲ್ಲ ಇವಳು. ನಾನು ಬೈಯುವುದು ಮಾತ್ರ. ಬೈಲಿಕ್ಕೆ ಯಾರಿಗೆ ಬರುವುದಿಲ್ಲ? ಕೋಡ್ ನನಗೆ ಹೇಳಿದ್ರೆ ತಪ್ಪಾಗ್ತದೆ. ಯಾರದ್ದೋ ಅವರಿಗೆ ಹೇಳಬೇಕು. ಇವಳಿಗೆ ಹೇಳು."

ನಾನು ಬೇಕರಿಯ ಬನ್ನುಗಳ ಕಡೆ ನೋಡುತ್ತಾ ನಿಂತೆ. ಒಂದು ಬನ್ನೂ ಕಾಣುತ್ತಿರಲಿಲ್ಲ, ಕಣ್ಣು ಅಷ್ಟು ತುಂಬಿತ್ತು. ಯಾರೋ ಒಬ್ಬಳು ಅಪರಿಚಿತೆಯ ಮುಂದೆ, ಉಳ್ಳಾಲದ ಒಂದು ಬೇಕರಿಯಲ್ಲಿ, ನಾನು ಐದು ವರ್ಷ ಕಾದ ಮಾತನ್ನು ನಾನು ಕೇಳದೆಯೇ ಮಾಮಿ ಕೊಟ್ಟುಬಿಟ್ಟಿದ್ದರು.

"ಬೇಜಾರು ಮಾಡ್ಬೇಡಿ ಅಕ್ಕ, ನನಗೆ ಗೊತ್ತಿರಲಿಲ್ಲ," ಎಂದಳು ಆಕೆ. ತನ್ನ ಫೋನನ್ನು ಕಪಾಟಿನ ಮೇಲೆ ನನ್ನ ಕೈಗಳ ನಡುವೆ ಇಟ್ಟಳು. "ಕಳಿಸಿ."

ಗುಂಡಿ ಒತ್ತಿದೆ. ನಾಲ್ಕು ತಲೆಗಳು ಆ ಫೋನಿನ ಮೇಲೆ ಬಗ್ಗಿದವು. ಏನೂ ಬರಲಿಲ್ಲ. ಒಂದು ನಿಮಿಷ. ಎರಡು ನಿಮಿಷ. ಬೇಕರಿಯವರು, "ಇಲ್ಲಿ ಫ್ರಿಜ್ಜಿನ ಹತ್ರ ಸಿಗ್ನಲ್ ಕಮ್ಮಿ, ಬಾಗಿಲಿಗೆ ಹೋಗಿ," ಎಂದರು. ಎಲ್ಲರೂ ಬಾಗಿಲಿಗೆ ಓಡಿದೆವು, ಮಾಮಿ ಎಲ್ಲರಿಗಿಂತ ಮುಂದೆ. ಆಕೆ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಐದೂ ನಲವತ್ತಾರಕ್ಕೆ ಅದು ಟಿಣ್ ಎಂದಿತು.

ಆಕೆ ಒಂದೊಂದೇ ಅಂಕಿ ಓದಿದಳು. ಮಾಮಿ ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ತುಳುವಿನಲ್ಲಿ ಮತ್ತೆ ಹೇಳಿದರು, ನಾನು ತಪ್ಪಬಾರದೆಂದು. ಆರು ಅಂಕಿ. ಕೊನೆಯದನ್ನು ಒತ್ತಿದಾಗ ಚಕ್ರವೊಂದು ತಿರುಗಿತು, ತಿರುಗಿತು, ಮತ್ತೂ ತಿರುಗಿತು. ಆಮೇಲೆ ಪರದೆಯ ತುಂಬಾ ಮಾಮಿ ಕಂಡರು, ಬಂಗುಡೆಯ ಬಾಲ ಹಿಡಿದು, ಬಾಯಿ ತೆರೆದು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರಂತೆ. ನೆನಪಿರುವುದು ಇಷ್ಟೇ, ನಾನು ಮಾಮಿಯನ್ನು ಅಪ್ಪಿಕೊಂಡಿದ್ದೆ. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷಗಳಲ್ಲಿ ಅದು ಮೊದಲ ಸಲ. ಅವರ ಸೀರೆಯಿಂದ ಕರ್ಪೂರದ ಮತ್ತು ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. "ಬಿಡು ಮಾರಾಯ್ತಿ, ಜನ ನೋಡ್ತಾರೆ," ಎನ್ನುತ್ತಲೇ ಅವರೂ ನನ್ನ ಬೆನ್ನು ತಟ್ಟುತ್ತಿದ್ದರು.

ಪೇಜ್ ಇನ್ನೂ ಒಂದು ಪ್ರಶ್ನೆ ಕೇಳುತ್ತಿತ್ತು. ಹಳೆಯ ನಂಬರ್ ತೆಗೆದು ಹೊಸದು ಕೊಡಿ ಎಂದಿತು, ನನ್ನದು ಕೊಟ್ಟೆ. ಮುಂದೆ ಇಂಥ ತೊಂದರೆ ಬಾರದಂತೆ, ನೀವು ನಂಬುವ ಇನ್ನೊಬ್ಬರ ನಂಬರನ್ನೂ ಸೇರಿಸಿ ಎಂದಿತು. ಗಂಡನದ್ದು ಬಾಯಿಗೆ ಬಂತು. ಮಗಳದ್ದೂ ಬಂತು. ನಾನು ಮಾಮಿಯ ಕಡೆ ತಿರುಗಿದೆ. ಊರಿನಿಂದ ತಂದ ಸಣ್ಣ ಫೋನ್ ಅವರ ಹತ್ತಿರ ಈಗಲೂ ಇದೆ.

"ನಿಮ್ಮ ನಂಬರ್ ಹೇಳಿ ಮಾಮಿ."

"ನನ್ನದು ಯಾಕೆ?"

"ನಾಳೆ ನನ್ನ ಫೋನ್ ಪುನಃ ಬಕೆಟಿಗೆ ಬಿದ್ರೆ ಕೋಡ್ ನಿಮಗೆ ಬರ್ತದೆ. ನಾನು ದಕ್ಕೆಯಿಂದ ಫೋನ್ ಮಾಡಿ ಕೇಳ್ತೇನೆ."

ಮಾಮಿ ಸೆರಗು ಸರಿಮಾಡಿಕೊಂಡರು. "ಕೇಳಿ ನೋಡು," ಎಂದರು. "ಕೊಡುವುದಿಲ್ಲ."

ನಾನು ಅವರ ನಂಬರನ್ನೇ ಹಾಕಿದೆ.